ಮೂರು ಪೆಟ್ಟು ಗೊತ್ತಿಲ್ಲದ ಪೆಟ್ಟಿಗೆ

ಎಂಬತ್ತಾರರ ಶ್ರಾವಣ ಶುರುವಾಗುತ್ತಿದ್ದಂತೆ ವಿರೂಪಾಕ್ಷಪ್ಪ ಮೇಷ್ಟ್ರು ಒಂದು ಘನಘೋರ ಪ್ರತಿಜ್ಞೆ ಮಾಡಿಬಿಟ್ಟರು. ಅದೂ ಮನೆಯೊಳಗಲ್ಲ, ನ್ಯಾಮತಿಯ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದ ಇಪ್ಪತ್ತು ಜನರ ಸಮಕ್ಷಮದಲ್ಲಿ!

"ಆ ಪೆಟ್ಟಿಗೆ ನನ್ನ ಒಂದೇ ಒಂದು ಪದಕ್ಕೆ ತಾಳ ಹಾಕಿ ಮುಗಿಸಲಿ. ಅವತ್ತಿಗೆ ನಾನು ಹಾರ್ಮೋನಿಯಂ ಮುಟ್ಟೋದು ಬಿಟ್ಟೆ."

ಪೆಟ್ಟಿಗೆ ಅಂದರೆ ಕೀಬೋರ್ಡು. ಅವರ ಭಾವಮೈದ ಕೊಟ್ರಬಸಪ್ಪ ಹೊನ್ನಾಳಿಯಿಂದ ತಂದು, ವಾರದ ಮಟ್ಟಿಗೆ ಅಕ್ಕನ ಮನೆಯಲ್ಲಿ ಇಟ್ಟು ಹೋಗಿದ್ದ. ಗುಂಡಿ ಒತ್ತಿದರೆ ತಾನೇ ಡ್ರಮ್ಮು ಬಾರಿಸುತ್ತದೆ! ಜಗಳೂರಿನ ಮದುವೆಯೊಂದರಲ್ಲಿ ಅಂಥದ್ದನ್ನು ಕೇಳಿ ಬಂದವರಂತೂ ಇನ್ನು ಹಾರ್ಮೋನಿಯಂ ಕಾಲ ಮುಗಿಯಿತು ಎಂದು ಸಾರುತ್ತಿದ್ದರು. ಇದನ್ನು ಕೇಳಿ ಮೇಷ್ಟ್ರ ಮೈಯೆಲ್ಲ ಉರಿದುಹೋಗಿತ್ತು. ಮೂವತ್ತು ವರ್ಷದಿಂದ ಊರಿನ ಭಜನೆ ಮಂಡಳಿ ನಡೆಸಿದವರು ಅವರು. ಹಾರ್ಮೋನಿಯಂ ಹೋದರೆ ಅವರ ಬಳಿ ಉಳಿಯುವುದು ಪಿಂಚಣಿ ಮತ್ತು ಕೆಮ್ಮು, ಅಷ್ಟೇ.

ಹೆಂಡತಿ ರುದ್ರಾಣಿಗೆ ಅವರು ಯಂತ್ರದ ಸಂಗೀತ ಸಂಗೀತವೇ ಅಲ್ಲವೆಂದು ಸ್ನಾನಕ್ಕೆ ಹೋಗುವಾಗ ಒಮ್ಮೆ, ಸ್ನಾನ ಮಾಡುತ್ತ ಒಮ್ಮೆ, ಮೈ ಒರೆಸಿಕೊಳ್ಳುತ್ತ ಒಮ್ಮೆ ವಿವರಿಸಿದರು. ಆಕೆ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಕೇಳಿದಳು.

"ನಿಮ್ಮ ಹಾರ್ಮೋನಿಯಂ ಏನು ಗಿಡದಾಗೆ ಕಾಯಿ ಬಿಟ್ಟಿತ್ತೇನ್ರೀ? ಅದನ್ನೂ ಯಾರೋ ಮೊಳೆ ಹೊಡೆದೇ ಮಾಡಿದ್ದು."

ಮೇಷ್ಟ್ರು ಇದಕ್ಕೆ ಉತ್ತರವಾಗಿ ಮುಕ್ಕಾಲು ಗಂಟೆ ಮಾತಾಡಿದರು. ರೊಟ್ಟಿ ಮುಗಿದವು, ಮಾತು ಮುಗಿಯಲಿಲ್ಲ.

ಸೋಮವಾರ ಮಧ್ಯಾಹ್ನ ಮೇಷ್ಟ್ರ ಮನೆಯಲ್ಲೇ ಭಜನೆ. ಮಂಡಳಿಯ ತಬಲ ನುಡಿಸುವ ಖಾಜಾಸಾಬ್, ತಂಗಿಯ ಮಗುವಿಗೆ ಹೆಸರಿಡುವುದಿದೆ ಎಂದು ಕೆರೆಬಿಳಚಿಗೆ ಹೋಗಿದ್ದರು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೇ! ಪಡಸಾಲೆ ತುಂಬ ಹೆಂಗಸರು, ಜಗಲಿ ತುಂಬ ಗಂಡಸರು. ಮೇಷ್ಟ್ರು ಹಾರ್ಮೋನಿಯಂ ಪಕ್ಕದಲ್ಲಿ ಕೀಬೋರ್ಡನ್ನು ಅಪರಾಧಿಯಂತೆ ಕೂರಿಸಿ, ಒಮ್ಮೆ ಶುರುವಾದ ಮೇಲೆ ಪದ ಮುಗಿಯುವ ತನಕ ಇದನ್ನು ಯಾರೂ ಮುಟ್ಟಕೂಡದು, ಆಮೇಲೆ ಮೋಸ ಆಯಿತೆಂಬ ಮಾತು ಬರಬಾರದು ಎಂದು ಕಟ್ಟಪ್ಪಣೆ ಮಾಡಿದರು. ರುದ್ರಾಣಿ ತಲೆಯಾಡಿಸಿ ಗುಂಡಿ ಒತ್ತಿದಳು.

ಢುಂ ಚಿಕ್ ಢುಂ ಚಿಕ್! ಮೇಷ್ಟ್ರು ಶಿವನ ಪದವೊಂದನ್ನು ಎತ್ತಿಕೊಂಡರು. ಮೊದಲ ನುಡಿ ಮುಗಿಯಿತು. ಪ್ರತಿ ವಾರ ಅವರು ನುಡಿ ನುಡಿಗೂ ನಿಂತು ಅದರ ಅರ್ಥ, ರಾಗದ ಮಹಿಮೆ, ಈಗಿನ ಹುಡುಗರ ಅಧೋಗತಿ ಎಲ್ಲ ವಿವರಿಸುವುದು ವಾಡಿಕೆ. ಖಾಜಾಸಾಬ್ ಅಷ್ಟು ಹೊತ್ತೂ ತಬಲದ ಮೇಲೆ ಕೈ ಊರಿ ಕಾಯುತ್ತಿದ್ದರು. ಪೆಟ್ಟಿಗೆ ಕಾಯಲಿಲ್ಲ. ವಿವರಣೆಗೆ ತೆರೆದ ಬಾಯಲ್ಲೇ ಮೇಷ್ಟ್ರು ಎರಡನೇ ನುಡಿ ಹಿಡಿಯಬೇಕಾಯಿತು.

ನಾಲ್ಕೂ ನುಡಿ ಮುಗಿದವು. ಪೆಟ್ಟಿಗೆ ಮುಗಿಯಲಿಲ್ಲ!

ಆಗ ಮೇಷ್ಟ್ರಿಗೆ ಎದೆ ಧಸಕ್ಕೆಂದಿತು. ಮಂಡಳಿಯಲ್ಲಿ ಒಂದು ಕಟ್ಟಳೆ ಇತ್ತು. ತಬಲದವನು ಕೊನೆಯ ಮೂರು ಪೆಟ್ಟು ಹಾಕುವ ತನಕ ಹಾಡುವವನು ಬಾಯಿ ಮುಚ್ಚುವಂತಿಲ್ಲ. ಮುಚ್ಚಿದರೆ ಅವನು ಸೋತಂತೆ. ಈ ಕಟ್ಟಳೆ ಮಾಡಿದ ಮಹಾನುಭಾವರು ಸ್ವತಃ ವಿರೂಪಾಕ್ಷಪ್ಪ ಮೇಷ್ಟ್ರು. ಮೂರು ಪೆಟ್ಟಿನ ವಿಚಾರವನ್ನು ಪೆಟ್ಟಿಗೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪದವನ್ನು ಎರಡನೇ ಸಲ ಹಾಡಿದರು. ಮೂರನೇ ಸಲ ಹಾಡಿದರು. ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಯಾರೂ ಮುಟ್ಟಕೂಡದು ಎಂದು ನೀವೇ ಹೇಳಿದಿರಲ್ಲ ಎಂಬಂತೆ ಆ ಪತಿವ್ರತೆ ಕೈಕಟ್ಟಿ ಕೂತಳು. ಎಡಗೈ ಹಾರ್ಮೋನಿಯಂ ತಿದಿ ಒತ್ತುವುದಕ್ಕೆ, ಬಲಗೈ ಸ್ವರದ ಮನೆಗಳಿಗೆ. ಮೇಷ್ಟ್ರ ಪಾಲಿಗೆ ಉಳಿದದ್ದು ಕಾಲು. ಪಂಚೆಯೊಳಗಿಂದ ಮೆಲ್ಲಗೆ ಹೆಬ್ಬೆರಳು ಚಾಚಿ ಒಂದು ಗುಂಡಿ ಒತ್ತಿದರು. ಅದು ನಿಲ್ಲಿಸುವ ಗುಂಡಿಯಲ್ಲ, ವೇಗದ ಗುಂಡಿ!

ಢುಂಚಿಕ್ಢುಂಚಿಕ್ಢುಂಚಿಕ್! ಪಡಸಾಲೆಗೆ ಭೂತ ಹೊಕ್ಕಂತಾಯಿತು. ಚಪ್ಪಾಳೆ, ತಾಳ, ಗೆಜ್ಜೆ ಎಲ್ಲ ಒಟ್ಟಿಗೆ ಏರಿದವು. ಪ್ರತಿ ವಾರ ಗೋಡೆಗೊರಗಿ ತೂಕಡಿಸುತ್ತಿದ್ದ ಎಪ್ಪತ್ತರ ದ್ಯಾಮಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ಕುಣಿಯತೊಡಗಿದಳು! ಮೇಷ್ಟ್ರು ಜೀವಮಾನದಲ್ಲಿ ಮೊದಲ ಬಾರಿಗೆ, ಕರೆಂಟು ಹೋಗಲಪ್ಪಾ ಎಂದು ಶಿವನನ್ನು ಬೇಡಿಕೊಂಡರು. ಶಿವ ದೊಡ್ಡವನು. ಫ್ಯಾನು ನಿಂತಿತು, ದೀಪ ಆರಿತು. ಪೆಟ್ಟಿಗೆ ಮಾತ್ರ ಢುಂಚಿಕ್ ಎನ್ನುತ್ತಲೇ ಇತ್ತು.

"ಒಳಗೆ ಆರು ಸೆಲ್ಲು ಹಾಕೀನ್ರೀ," ರುದ್ರಾಣಿ ಹೆಮ್ಮೆಯಿಂದ ಅವರ ಕಿವಿಯಲ್ಲಿ ಹೇಳಿದಳು.

ಹನ್ನೊಂದನೇ ಸುತ್ತಿಗೆ ಮೇಷ್ಟ್ರ ಗಂಟಲು ಕೈಕೊಟ್ಟು ಬರೀ ಗಾಳಿ ಬರುತ್ತಿದ್ದಾಗ, ಬಸ್ಸಿಳಿದ ಖಾಜಾಸಾಬ್ ಬಾಗಿಲಲ್ಲಿ ಕಂಡರು. ಮೇಷ್ಟ್ರ ಮುಖ ನೋಡಿದ್ದೇ ಅವರಿಗೆ ಎಲ್ಲ ತಿಳಿಯಿತು. ಕೈಚೀಲ ಇಟ್ಟು, ತಬಲ ಎಳೆದುಕೊಂಡು, ಪೆಟ್ಟಿಗೆಯ ಜೊತೆಜೊತೆಗೇ ಒಂದು ಸುತ್ತು ಖುಷಿಯಿಂದ ನುಡಿಸಿ, ಕೊನೆಗೆ ಠಪ್ ಠಪ್ ಠಪ್ ಎಂದು ಮೂರು ಪೆಟ್ಟು ಹಾಕಿದರು. ಪದ ನಿಂತಿತು. ರುದ್ರಾಣಿ ಆಮೇಲೆ ಪೆಟ್ಟಿಗೆಯನ್ನೂ ನಿಲ್ಲಿಸಿದಳು. ಮೇಷ್ಟ್ರು ಬೆವರು ಒರೆಸಿಕೊಂಡು, ಇದೂ ಒಂದು ಸಂಗೀತವಾ ಎಂದು ಪಿಸುಗುಟ್ಟಿದರು. ಪೆಟ್ಟಿಗೆಯಿಂದ ಮೊದಲು ಏಟು ಬೀಳುವುದೇ ಖಾಜಾಸಾಬರಿಗೆ. ಅವರು ಬೈದೇ ಬೈಯುತ್ತಾರೆಂದು ಮೇಷ್ಟ್ರ ನಂಬಿಕೆ. ಖಾಜಾಸಾಬ್ ಅದರ ಮೇಲೆ ಮೆಲ್ಲಗೆ ಕೈಯಾಡಿಸಿದರು.

"ಕೈ ಭಾಳ ಚಲೋ ಐತ್ರೀ ಇದರದ್ದು. ತಾಳ ಒಂದು ಕೂದಲೂ ಜರುಗಂಗಿಲ್ಲ. ಮರ್ಯಾದೆ ಕೊಡಬೇಕಾದದ್ದೇ."

ಮೇಷ್ಟ್ರ ಮುಖ ಬಾಡಿತು. ಕಣ್ಣು ತುಂಬಿ ಬಂತು. ಪ್ರತಿಜ್ಞೆಯಂತೆ ಹಾರ್ಮೋನಿಯಂಗೆ ಮುಚ್ಚಳ ಹಾಕತೊಡಗಿದರು. ಖಾಜಾಸಾಬ್ ತಡೆದರು.

"ಅದ್ಯಾಕ್ರೀ ಮುಚ್ಚತೀರಿ? ಮುಗಿಸಾಕೆ ಅದಕ್ಕೆ ಬರಲಿಲ್ಲ, ಮುಗಿಸಿದ್ದು ನಾನು. ನಿಮ್ಮ ಹಾರ್ಮೋನಿಯಂ ನಿಮಗೇ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು! ಬೆನ್ನು ನೆಟ್ಟಗಾಯಿತು, ಎಲ್ಲಿತ್ತೋ ಏನೋ ಗಂಟಲೂ ಮರಳಿತು. ಎಲ್ಲರ ಕಡೆ ತಿರುಗಿ ಕೈ ಎತ್ತಿ, "ನೋಡ್ರಪ್ಪಾ, ಯಂತ್ರಕ್ಕೂ ಮನುಷ್ಯನಿಗೂ ವ್ಯತ್ಯಾಸ ಏನಂದ್ರೆ..." ಎಂದು ಶುರು ಮಾಡಿದರು.

ಕುಣಿದು ದಣಿದು ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದ ದ್ಯಾಮಮ್ಮ ಮುಂದಕ್ಕೆ ಬಾಗಿ, ಅದರ ಗುಂಡಿ ಒತ್ತಿದಳು.