ಬಿಸ್ಕತ್ತಿನ ನಾಲ್ಕುನೂರ ಎಪ್ಪತ್ತೊಂದು

ಅಕ್ಷರ ಬಲ್ಲ ಮನುಷ್ಯ ತಿಂಡಿಯ ಮುಂದೆ ಕನ್ನಡಕ ಹಾಕಿಕೊಂಡು ಕೂರಬಾರದು. ನಾನು ಕೂತು ಕೆಟ್ಟೆ. ಅಜ್ಜಂಪುರದ ಒಂದು ಕಚೇರಿಯಲ್ಲಿ ಜನರ ಅರ್ಜಿಗಳಲ್ಲಿ ತಪ್ಪು ಹುಡುಕಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವುದು ನನ್ನ ಕೆಲಸ. ಆ ಚಾಳಿ ಮನೆಗೂ ಬಂತು. ಬಿಸ್ಕತ್ತಾಗಲಿ ಐಸ್‌ಕ್ರೀಮಾಗಲಿ, ಪೊಟ್ಟಣದ ಹಿಂಬದಿಯ ಇರುವೆಸಾಲಿನಂಥ ಅಕ್ಷರಗಳಲ್ಲಿ, ಒಳಗೆ ಬೆರೆಸಿದ ಪದಾರ್ಥಗಳಿಗೆ ಕೊಟ್ಟಿರುವ ನಂಬರು ಹುಡುಕುತ್ತೇನೆ. ನೂರಾ ಇಪ್ಪತ್ತು ಎಂದರೆ ಹುಳುವಿನಿಂದ ತೆಗೆದ ಬಣ್ಣವಂತೆ. ನಾಲ್ಕುನೂರ ಎಪ್ಪತ್ತೊಂದು ಗಿಡದ ಎಣ್ಣೆಯದೂ ಇರಬಹುದು, ಹಂದಿಯ ಕೊಬ್ಬಿನದೂ ಇರಬಹುದಂತೆ. ಹಲಾಲೋ ಹರಾಮೋ ಗೊತ್ತಿಲ್ಲದ್ದನ್ನು ಮುಟ್ಟದಿರುವುದು ಒಳ್ಳೆಯದೇ. ಆದರೆ ನನಗೆ ವಿಚಾರಿಸಿ ತಿಳಿಯುವುದಕ್ಕಿಂತ ಅನುಮಾನಪಡುವುದರಲ್ಲೇ ಹೆಚ್ಚು ಖುಷಿ. ನಾನು ಮನೆಗೆ ಬರುವ ಹೊತ್ತಿಗೆ ಹೆಂಡತಿ ಮಿಠಾಯಿ ಪೊಟ್ಟಣಗಳನ್ನು ಅಕ್ಕಿ ಡಬ್ಬಕ್ಕೆ ಸಾಗಿಸಿರುತ್ತಾಳೆ.

ಹೋದ ತಿಂಗಳು ತರೀಕೆರೆಯಿಂದ ನನ್ನ ಆಪಾ, ಎಂದರೆ ಅಕ್ಕ, ಬಸ್ಸಿನಲ್ಲಿ ನಿಂತುಕೊಂಡೇ ಬಂದಳು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು. ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಕೈಗಿಟ್ಟಳು. ಹೇಗಿದ್ದೀ ಎಂದು ಕೇಳುವ ಮೊದಲೇ ನಾನು ಅದನ್ನು ಹಿಂದೆ ತಿರುಗಿಸಿದೆ. ಸಿಕ್ಕಿತು ನಾಲ್ಕುನೂರ ಎಪ್ಪತ್ತೊಂದು! ಜೇಬಿನಿಂದ ಪೆನ್ನು ತೆಗೆದು ಸುತ್ತು ಹಾಕಿ, "ಇದು ನಡೆಯಲ್ಲ ಆಪಾ" ಎಂದು ವಾಪಸು ಕೊಟ್ಟೆ. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು, ಚಹಾ ಕೂಡ ಕುಡಿಯದೆ ಮುಂದಿನ ಬಸ್ಸಿಗೆ ಹೊರಟುಬಿಟ್ಟಳು. ನಾಲ್ಕು ದಿನ ಫೋನ್ ಎತ್ತಲಿಲ್ಲ. ನನಗೆ ಅನ್ನ ಸೇರದಾಯಿತು.

ಭಾನುವಾರ ತರೀಕೆರೆಗೆ ಓಡಿದೆ. ಆಪಾ ಮುಖ ಬಿಗಿದುಕೊಂಡೇ ಚಹಾದ ಜೊತೆ ಸ್ಟೀಲ್ ತಟ್ಟೆಯಲ್ಲಿ ಬಿಸ್ಕತ್ತು ತಂದಿಟ್ಟಳು. ತಟ್ಟೆಯ ಹಿಂಬದಿಯಲ್ಲಿ ಓದಲು ಏನೂ ಇರುವುದಿಲ್ಲವಲ್ಲ, ಆರು ತಿಂದೆ. "ಮನೇಲಿ ಮಾಡಿದ್ದರ ರುಚಿಯೇ ಬೇರೆ!" ಎಂದು ಹೊಗಳಿದೆ ಬೇರೆ.

ಅವಳು ಒಳಗೆ ಹೋಗಿ ಖಾಲಿ ಪೊಟ್ಟಣ ತಂದು ಮುಂದಿಟ್ಟಳು. ಅದರ ಮೇಲೆ ನನ್ನದೇ ಕೆಂಪು ಸುತ್ತು.

"ಮಸೀದಿ ಹಜರತ್‌ರನ್ನ ಕೇಳ್ದೆ ಕಣೋ. ಗಿಡದ ಎಣ್ಣೇದಾದ್ರೆ ಅಡ್ಡಿಯಿಲ್ಲ ಅಂದ್ರು. ಮುಂದ್ಗಡೆ ಹಸಿರು ಚುಕ್ಕಿ ಐತೆ, ಪ್ರಾಣಿ ಕೊಬ್ಬು ಇಲ್ಲ ಅಂತ. ಓದ್ದೇ ಇರೋ ನಂಗೇ ಕಾಣ್ತದೆ, ನಿಂಗ್ ಕಾಣ್ಲಿಲ್ವೇನೋ?"

ಕಂಡಿರಲಿಲ್ಲ. ಪೊಟ್ಟಣದ ಮುಂಬದಿಯನ್ನೂ ನೋಡಿರಲಿಲ್ಲ, ಅವತ್ತು ಅವಳ ಮುಖವನ್ನೂ ನೋಡಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ. "ತಪ್ಪಾಯ್ತು ಆಪಾ" ಎಂದೆ.

ಆಪಾ ನನ್ನ ಜೇಬಿನಿಂದ ಪೆನ್ನು ಕಿತ್ತುಕೊಂಡು ನನ್ನ ಅಂಗೈಗೆ ದೊಡ್ಡದೊಂದು ಸುತ್ತು ಹಾಕಿ, "ಇದು ನಡೆಯಲ್ಲ" ಎಂದಳು. ಆಮೇಲೆ ನಕ್ಕು, ಆ ಸುತ್ತಿನೊಳಗೇ ಏಳನೆಯ ಬಿಸ್ಕತ್ತು ಇಟ್ಟಳು.

ಹಾಳು ಚಾಳಿ. ಬಾಯಿಗೆ ಹಾಕಿಕೊಳ್ಳುವ ಮೊದಲು ನನ್ನ ಕೈ ಆ ಬಿಸ್ಕತ್ತನ್ನೂ ಒಮ್ಮೆ ಹಿಂದೆ ತಿರುಗಿಸಿ ನೋಡಿತು.