ಹಳೆ ರೆಕಾರ್ಡು ಉಂಟಾ?

ಎದೆ ಗಟ್ಟಿ ಇಲ್ಲದವರು ಹಳೆ ರೆಕಾರ್ಡು ಹುಡುಕಿಕೊಂಡು ಹೋಗಬಾರದು. ಇದು ಅನುಭವದ ಮಾತು. ಕುಂಬಳೆಯಲ್ಲಿ ನನ್ನದೊಂದು ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿ ಉಂಟು. ಅದು ಹೊಟ್ಟೆಗೆ. ಹುಚ್ಚಿಗೆ ಬೇರೆ ಉಂಟು: ಹಿಂದಿನ ಕಾಲದ ಕಪ್ಪು ಎಲ್‌ಪಿ ರೆಕಾರ್ಡು, ತಿರುಗಿಸಿ ಮುಳ್ಳು ಇಟ್ಟರೆ ಹಾಡುವಂಥದ್ದು, ಅದನ್ನು ಒಟ್ಟುಮಾಡುವುದು. ರಿಪೇರಿಗೆ ಅಂತ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಅಟ್ಟಕ್ಕೆ ಹೋಗುತ್ತದೆ, ಆಮೇಲೆ ಮಿಕ್ಸಿಗೆ. ಇಷ್ಟು ವರ್ಷದಲ್ಲಿ ಮಿಕ್ಸಿಯಿಂದ ನನಗೆ ಶಾಕ್ ಹೊಡೆದದ್ದು ಎರಡೋ ಮೂರೋ ಸಲ. ರೆಕಾರ್ಡಿನಿಂದ ಹೊಡೆದದ್ದು ಲೆಕ್ಕಕ್ಕೇ ಸಿಗುವುದಿಲ್ಲ.

೧. ಕವರು ಬೇರೆ, ಪ್ಲೇಟು ಬೇರೆ

ಪೇಟೆಯ ಗುಜರಿ ಅಂಗಡಿಯವರು ಫೋನು ಮಾಡಿದರು. "ನಿಮ್ಮ ಕಪ್ಪು ಪ್ಲೇಟು ಬಂದುಂಟು. ಒಂದು ಗೋಣಿ."

ಹೊಟ್ಟೆ ಬಿಚ್ಚಿಟ್ಟ ಗ್ರೈಂಡರನ್ನು ಹಾಗೆಯೇ ಬಿಟ್ಟು ಓಡಿದೆ. ಹೋಗಿ ನೋಡಿದರೆ ಕಾಲು ನೆಲಕ್ಕೆ ಅಂಟಿತು. ಅವರು ರೆಕಾರ್ಡುಗಳನ್ನೆಲ್ಲ ಕವರಿನಿಂದ ಎಳೆದು, ಕವರುಗಳನ್ನು ಹಳೆ ಪೇಪರಿನ ರಾಶಿಗೂ ರೆಕಾರ್ಡುಗಳನ್ನು ಒಡೆದ ಬಕೆಟಿನ ರಾಶಿಗೂ ಹಾಕಿಬಿಟ್ಟಿದ್ದರು.

"ಇದೆಂತ ಮಾಡಿದ್ದು ಮಾರಾಯ್ರೆ!"

"ಎಂತ ಅಂದ್ರೆ? ಕವರು ಕಾಗದ, ಪ್ಲೇಟು ಪ್ಲಾಸ್ಟಿಕ್ಕು. ಒಟ್ಟಿಗೆ ಇಟ್ಟರೆ ಪಂಚಾಯತಿನವರು ಫೈನ್ ಹಾಕ್ತಾರೆ."

ನನ್ನ ಮುಖ ನೋಡಿ ಅವರಿಗೇ ಹೆದರಿಕೆಯಾಯಿತು. ಕುರ್ಚಿ ಕೊಟ್ಟು, ಲಿಂಬೆ ಸೋಡಾ ತರಿಸಿ ಕುಡಿಸಿದರು. ನಾನು ಕುಡಿದು ಮುಗಿಸುವಷ್ಟರಲ್ಲಿ ಒಂದೊಂದು ರೆಕಾರ್ಡನ್ನೂ ಕೈಗೆ ಸಿಕ್ಕಿದ ಕವರಿಗೆ ತುರುಕಿ ಸಾಲಾಗಿ ಇಟ್ಟರು. "ನೋಡಿ, ಎಲ್ಲದಕ್ಕೂ ಅಂಗಿ ಹಾಕಿದ್ದೇನೆ. ಸೈಜು ಒಂದೂ ತಪ್ಪಲಿಲ್ಲ."

ಮನೆಗೆ ತಂದಾಗ ಅತ್ತೆ ಜಗಲಿಯಲ್ಲಿದ್ದರು. ಮೇಲಿನ ಕವರಿನಲ್ಲಿ ದೇವರ ಚಿತ್ರ. "ಅದನ್ನೇ ಹಾಕು ಮಗಾ," ಅಂತ ಹೇಳಿ, ಕೈಕಾಲು ತೊಳೆದು, ದೀಪ ಹಚ್ಚಿ, ಕೈ ಮುಗಿದು ಕೂತರು. ರೆಕಾರ್ಡಿನ ಮೇಲಿನ ಚೀಟಿ ಎಂದೋ ನೀರು ತಾಗಿ ಕಿತ್ತು ಹೋಗಿತ್ತು. ನಾನೂ ನಂಬಿಕೆಯಿಂದ ಮುಳ್ಳು ಇಟ್ಟೆ.

ಮೊದಲು ತುತ್ತೂರಿ. ಆಮೇಲೆ ಢೋಲು. ಆಮೇಲೆ ಒಬ್ಬ ಹೆಂಗಸು ಹಿಂದಿಯಲ್ಲಿ ಎರಡು ಸಾಲು ಹಾಡಿ, "ಹಾ... ಹಾ... ಹಾ..." ಅಂತ ಏದುಸಿರು ಬಿಡಲಿಕ್ಕೆ ಸುರುಮಾಡಿದಳು. ಕ್ಲಬ್ಬಿನ ಕುಣಿತದ ಹಾಡು! ನನ್ನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿ ಅಡುಗೆಮನೆಗೆ ಓಡಿದಳು. ನಾನು ಮುಳ್ಳು ಎತ್ತಲಿಕ್ಕೆ ಹಾರಿದೆ.

"ಮುಟ್ಟಬೇಡ!" ಅತ್ತೆ ಕಣ್ಣು ಬಿಡದೆಯೇ ಗದರಿದರು. "ಅರ್ಧಕ್ಕೆ ನಿಲ್ಲಿಸಬಾರದು."

ಅವರಿಗೆ ಹಿಂದಿ ಬರುವುದಿಲ್ಲ. ಒಂದು ಬದಿ ಪೂರ್ತಿ ಮುಗಿಯುವವರೆಗೆ ನಾನು ಗೋಡೆಗೆ ಒರಗಿ ನಿಂತಿದ್ದೆ. ಕೊನೆಗೆ ಅತ್ತೆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಎದ್ದರು.

"ಭಕ್ತಿ ಉಂಟು," ಅಂದರು. "ಆದ್ರೆ ಪಾಪ, ಆ ಹೆಂಗಸಿಗೆ ದಮ್ಮಿನ ಕಾಯಿಲೆ ಉಂಟು ಕಾಣ್ತದೆ."

೨. ಇದೂ ಹಾಡುತ್ತದೆ

ಕಡಪ್ಪುರದ ಬದಿಯಿಂದ ಯಾರೋ ವಾಟ್ಸಾಪಿನಲ್ಲಿ ಬರೆದಿದ್ದರು: "ಪ್ಲೇಟು ಇನ್ನೂರು ಉಂಟು. ಒಂದೂ ಒಡೆದಿಲ್ಲ. ಬೇಗ ಬನ್ನಿ." ಇನ್ನೂರು! ಅಂಗಡಿಗೆ ಬೀಗ ಹಾಕಿ, ಆಟೋ ಹಿಡಿದು ಹೋದೆ. ಅವರು ಮದುವೆಗೆ ಪಾತ್ರೆ ಬಾಡಿಗೆಗೆ ಕೊಡುವ ಜನ. ಅಂಗಳದ ತುಂಬ ಬಿರಿಯಾನಿಯ ಸ್ಟೀಲು ಪ್ಲೇಟು ಪಳಪಳ ಹೊಳೆಯುತ್ತಿತ್ತು.

"ನನಗೆ ಬೇಕಾದದ್ದು ಹಾಡುವ ಪ್ಲೇಟು," ಅಂದೆ, ಕಷ್ಟಪಟ್ಟು.

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ಒಂದು ಪ್ಲೇಟು ಎತ್ತಿ ಸಿಮೆಂಟು ನೆಲಕ್ಕೆ ಬಿಟ್ಟರು. ಠಣ್ ಅಂತ ಬಿದ್ದು ಗಿರಗಿರನೆ ತಿರುಗಿ ನಿಂತಿತು.

"ಕೇಳಿದಿರಾ?" ಅಂದರು. "ಎರಡೂ ಬದಿ ಒಂದೇ ಸ್ವರ."

೩. ತಳದ ತೂತು

ಪೆರ್ಲದಲ್ಲಿ ಒಬ್ಬರು ರಿಟೈರ್ಡ್ ಟೀಚರು. ಅವರ ಮಿಕ್ಸಿ ನಾನೇ ಸರಿಮಾಡಿ ಕೊಟ್ಟದ್ದು. ಒಂದು ಸಲ ಫೋನಿನಲ್ಲಿ ಕೇಳಿದೆ, ಹಳೆ ರೆಕಾರ್ಡು ಉಂಟಾ ಅಂತ. "ಮಾವನ ಕಾಲದ್ದು ಒಂದಷ್ಟು ಉಂಟು," ಅಂತ ಒಂದೊಂದರ ಹೆಸರು ಓದಿದರು. ಐದನೆಯದ್ದು ಒಂದು ಕೊಳಲಿನ ರೆಕಾರ್ಡು. ಹನ್ನೊಂದು ವರ್ಷದಿಂದ ನಾನು ಹುಡುಕುತ್ತಿದ್ದದ್ದು! ನನ್ನ ಕೈಯಿಂದ ಸ್ಕ್ರೂಡ್ರೈವರು ಬಿತ್ತು. "ಟೀಚರೇ, ಅದನ್ನು ಯಾರಿಗೂ ಕೊಡಬೇಡಿ, ಭಾನುವಾರ ಬರ್ತೇನೆ," ಅಂದೆ.

ಭಾನುವಾರ ಮೊದಲ ಬಸ್ಸಿಗೇ ಹೋದೆ. ಟೀಚರು ಸಂಭ್ರಮದಲ್ಲಿದ್ದರು. ಚಾ ತಂದಿಟ್ಟರು. ಜೊತೆಗೆ ಬಿಸಿಬಿಸಿ ಬಾಳೆಕಾಯಿ ಚಿಪ್ಸು, ಅಂಚು ಅಲೆಅಲೆಯಾಗಿದ್ದ ಒಂದು ಚಂದದ ಕಪ್ಪು ಬೋಗುಣಿಯಲ್ಲಿ.

ಕಪ್ಪು ಬೋಗುಣಿ.

ನಾನು ಚಿಪ್ಸನ್ನು ಒಂದು ಬದಿಗೆ ಸರಿಸಿ ತಳ ನೋಡಿದೆ. ಎಣ್ಣೆ ಹೀರಿದ ಚೀಟಿ. ಅದರಲ್ಲಿ ಕೊಳಲಿನ ಚಿತ್ರ.

"ನೀವು ಫೋನು ಮಾಡಿದ ಮೇಲೆಯೇ ನನಗೆ ಅದರ ಬೆಲೆ ಗೊತ್ತಾದದ್ದು," ಟೀಚರು ಹೇಳಿದರು. "ಯೂಟ್ಯೂಬು ನೋಡಿದೆ. ಕುದಿಯುವ ನೀರಿಗೆ ಹಾಕಿ ಪಾತ್ರೆಯ ಮೇಲೆ ಕವುಚಿ ಒತ್ತಬೇಕು, ಅಷ್ಟೇ. ಎಲ್ಲವನ್ನೂ ಮಾಡಿ ಮುಗಿಸಿದೆ. ಮೊದಲನೆಯದ್ದು ನಿಮಗೇ ಅಂತ ಇಟ್ಟದ್ದು. ಅಯ್ಯೋ, ಕಣ್ಣಲ್ಲಿ ನೀರು ಯಾಕೆ? ಖಾರ ಜಾಸ್ತಿಯಾಯಿತಾ?"

"ಇಲ್ಲ ಟೀಚರೇ," ಅಂದೆ. "ಬೋಗುಣಿ... ಚಂದ ಉಂಟು."

"ಚಂದ ಮಾತ್ರ ಅಲ್ಲ. ನಡುವಿನಲ್ಲಿ ಕಂಪೆನಿಯವರೇ ಒಂದು ತೂತು ಇಟ್ಟಿದ್ದಾರೆ ನೋಡಿ. ಎಣ್ಣೆ ಇಳಿಯಲಿಕ್ಕೆ ಎಷ್ಟು ಒಳ್ಳೆದಾಯಿತು!"

೪. ಅಪ್ಪನ ಕಾಗದ

ಪುತ್ತಿಗೆ ಪಂಚಾಯತಿನ ಒಂದು ಮನೆಗೆ ಗ್ರೈಂಡರ್ ನೋಡಲಿಕ್ಕೆ ಹೋಗಿದ್ದೆ. ಕೆಲಸ ಮುಗಿಸಿ, ಅಭ್ಯಾಸದ ಪ್ರಕಾರ, ಯಜಮಾನರ ಹತ್ತಿರ ಕೇಳಿದೆ: "ಹಳೆ ರೆಕಾರ್ಡು ಏನಾದರೂ ಉಂಟಾ?"

ಅವರ ಮುಖ ಬಿಳುಚಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ನಿಮ್ಮನ್ನು ಕಳಿಸಿದ್ದು ಯಾರು? ನನ್ನ ತಮ್ಮನಾ, ಅವನ ವಕೀಲನಾ?"

ನಾನು ಬೆವರಿದೆ. ಹಾಡಿನ ರೆಕಾರ್ಡು, ಜಾಗದ ರೆಕಾರ್ಡಲ್ಲ ಅಂತ ಬಿಡಿಸಿ ಹೇಳಿದ ಮೇಲೆ ಅವರಿಗೆ ಉಸಿರು ಬಂತು, ಕತೆಯೂ ಬಂತು. ಅಣ್ಣನ ಮನೆ ಇದು, ತಮ್ಮನ ಮನೆ ಆಚೆಯದ್ದು, ಎರಡರ ನಡುವೆ ಒಂದು ಬಾವಿ. ಬಾವಿ ಯಾರದ್ದು ಅಂತ ಮೂವತ್ತು ವರ್ಷದಿಂದ ಕೇಸು. ಅಣ್ಣ ತಮ್ಮ ಮಾತಾಡಿ ಅಷ್ಟೇ ಕಾಲವಾಯಿತು. ಅಪ್ಪ ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದವರು, ಅಲ್ಲಿಂದ ಒಂದು ರೆಕಾರ್ಡ್ ಪ್ಲೇಯರ್ ತಂದಿದ್ದರು. ಪಾಲಾದಾಗ ಪ್ಲೇಯರು ಅಣ್ಣನಿಗೆ, ರೆಕಾರ್ಡುಗಳು ತಮ್ಮನಿಗೆ.

"ಹಾಗಾದ್ರೆ ಹಾಡು ಕೇಳುವುದು ಹೇಗೆ?" ಅಂದೆ.

"ಕೇಳ್ಲಿಕ್ಕೆ ಅಲ್ಲ ಮಾರಾಯ, ಪಾಲಿಗೆ."

ಆಚೆ ಮನೆಗೆ ಹೋದೆ. ತಮ್ಮ ಒಂದೇ ಮಾತಿಗೆ ಅಷ್ಟನ್ನೂ ನನಗೆ ಮಾರಿದ. "ಕೊಂಡು ಹೋಗಿ. ಇನ್ನು ಅವನ ಹಾಡಿನ ಪೆಟ್ಟಿಗೆ ಯಾವ ಕಾಲಕ್ಕೂ ಬಾಯಿ ಬಿಡ್ಲಿಕ್ಕಿಲ್ಲ," ಅಂತ ಅವನಿಗೆ ಬಹಳ ಸಂತೋಷ.

ಮನೆಯಲ್ಲಿ ಧೂಳು ಒರೆಸುತ್ತಿದ್ದಾಗ ಒಂದು ಕವರಿನ ಒಳಗಿಂದ ಮಡಚಿದ ಮುದ್ರೆ ಕಾಗದ ಜಾರಿ ಬಿತ್ತು. ಬಿಡಿಸಿ ಓದಿದೆ. ಅಪ್ಪನ ಉಯಿಲು! ರುಜು ಉಂಟು, ಸಾಕ್ಷಿ ಉಂಟು. ಬಾವಿಯೂ ಅದರ ಸುತ್ತಿನ ಜಾಗವೂ ಅಣ್ಣನಿಗೂ ಅಲ್ಲ, ತಮ್ಮನಿಗೂ ಅಲ್ಲ, ಪುತ್ತೂರಿನ ಕಡೆಗೆ ಮದುವೆಯಾಗಿ ಹೋದ ಮಗಳಿಗೆ. ಕಾಗದವನ್ನು ಹಾಗೆಯೇ ಮಡಚಿಬಿಟ್ಟೆ, ಹಿಂಬದಿ ನೋಡಲಿಲ್ಲ. ನೋಡಿದ್ದರೆ ಮುಂದೆ ಅಷ್ಟು ಪ್ರಾಮಾಣಿಕನಾಗಿ ನಡೆದುಕೊಳ್ಳುತ್ತಿದ್ದೆನಾ ಅಂತ ಈಗಲೂ ನನಗೆ ಸಂಶಯ ಉಂಟು.

ಒಬ್ಬನ ಕೈಗೆ ಕೊಟ್ಟರೆ ಇನ್ನೊಬ್ಬ ನನ್ನನ್ನು ಬಿಡುವುದಿಲ್ಲ. ಹಾಗಾಗಿ ಆ ಮಗಳ, ಅಂದರೆ ಇವರಿಬ್ಬರ ಅಕ್ಕನ, ಫೋನು ನಂಬ್ರ ಸಂಪಾದಿಸಿ ಅವರನ್ನೂ ಕರೆಸಿದೆ. ಮೂವರೂ ಬಾವಿಕಟ್ಟೆಯ ಹತ್ತಿರ ಸೇರಿದರು. ಕಾಗದ ಯಾವ ಕವರಿನಲ್ಲಿತ್ತು ಅಂತ ತೋರಿಸಬೇಕಲ್ಲ, ರೆಕಾರ್ಡುಗಳನ್ನೂ ಕೊಂಡು ಹೋಗಿದ್ದೆ.

ಅಕ್ಕ ಕನ್ನಡಕ ಹಾಕಿ ಗಟ್ಟಿಯಾಗಿ ಓದಿದರು. ಅಣ್ಣ ಬಾವಿಕಟ್ಟೆಯಲ್ಲಿ ಕುಸಿದು ಕೂತ. ತಮ್ಮ ನಿಂತಲ್ಲೇ ಕಲ್ಲಾದ.

"ಬಾವಿಯನ್ನು ನಾನು ಪುತ್ತೂರಿಗೆ ಹೊತ್ತುಕೊಂಡು ಹೋಗ್ಲಿಕ್ಕುಂಟಾ?" ಅಕ್ಕ ಹೇಳಿದರು. "ಇಬ್ಬರೂ ನೀರು ತೆಗೀರಿ. ಕೇಸು ನಾಳೆಯೇ ಬಿಡಬೇಕು."

ಇಬ್ಬರೂ ತಲೆಯಾಡಿಸಿದರು. ನನಗೆ ಎದೆ ತುಂಬಿ ಬಂತು. ಅಷ್ಟರಲ್ಲಿ ಅಕ್ಕ ಕಾಗದವನ್ನು ತಿರುಗಿಸಿದರು.

"'ರೆಕಾರ್ಡ್ ಪ್ಲೇಯರೂ ಎಲ್ಲಾ ರೆಕಾರ್ಡುಗಳೂ ಮಗಳಿಗೆ.'"

ಈಗ ಕುಸಿದು ಕೂತದ್ದು ನಾನು. ತಮ್ಮ ನನ್ನ ದುಡ್ಡನ್ನು ಅಲ್ಲೇ ವಾಪಸು ಕೊಟ್ಟ. ಅಣ್ಣ ಒಳಗಿಂದ ಪ್ಲೇಯರು ತಂದ. ಅದರ ಬೆಲ್ಟು ಸತ್ತು ಹೋಗಿತ್ತು. ರಿಪೇರಿಯವ ಯಾರು? ನಾನೇ. ನನ್ನ ಚೀಲದ ಬೆಲ್ಟು, ನನ್ನ ಎಣ್ಣೆ, ನನ್ನ ಮುಳ್ಳು. ಸಿದ್ಧಮಾಡಿ, ಒಳಗಿಂದ ವಯರು ಎಳೆದು, ಒಂದು ರೆಕಾರ್ಡು ಇಟ್ಟೆ. ಒಬ್ಬರು ದೊಡ್ಡ ಗವಾಯಿ ಬಾಯಿ ತೆರೆದು ಆಲಾಪ ಎತ್ತಿದರು. ಆಹಾ, ಎಂಥ ಸ್ವರ! ಎಂಥ ಪ್ರತಿ! ಒಂದು ಗೀರೂ ಇಲ್ಲ, ಆದರೆ ನನ್ನದಲ್ಲ.

ಅಕ್ಕ ಎರಡು ನಿಮಿಷ ಕೇಳಿ ಕಿವಿ ಮುಚ್ಚಿಕೊಂಡರು. "ಅಯ್ಯಬ್ಬ, ಇದೆಂತ ಬೊಬ್ಬೆ! ಅಪ್ಪ ಇದನ್ನಾ ಕೇಳ್ತಾ ಇದ್ದದ್ದು? ನನಗೆ ಬೇಡಪ್ಪ. ಪಾಪ, ಇವರು ಇಷ್ಟೆಲ್ಲ ಮಾಡಿದ್ದಾರೆ. ಪೆಟ್ಟಿಗೆ ಸಮೇತ ಇವರೇ ಕೊಂಡು ಹೋಗಲಿ."

ದೇವರು ದೊಡ್ಡವನು! ನಾನು ಎರಡೂ ಕೈ ಚಾಚಿದೆ.

"ಅದಾಗ್ಲಿಕ್ಕಿಲ್ಲ! ಅದು ಅಪ್ಪನದ್ದು!" ಅಂತ ಅಣ್ಣ ಒಂದು ಬದಿಯಿಂದಲೂ, ಮೊನ್ನೆ ರೆಕಾರ್ಡುಗಳನ್ನು ನನಗೆ ಮಾರಿದ ತಮ್ಮ ಇನ್ನೊಂದು ಬದಿಯಿಂದಲೂ ಪೆಟ್ಟಿಗೆಯನ್ನು ಹಿಡಿದುಕೊಂಡರು. ಮೂವತ್ತು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದರು: ಯಾರಿಗೆ ಕೊಟ್ಟರೂ ನನಗೆ ಮಾತ್ರ ಕೊಡಬಾರದು ಅಂತ.