ಕಪ್ಪು ಬಿಲ್ಲೆಯ ತಪ್ಪೊಪ್ಪಿಗೆ

ಪುಡಿ ಮೇಷ್ಟ್ರ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಬಟಾಣಿಯಷ್ಟು ದೊಡ್ಡ ಬೊಬ್ಬೆಯೊಂದು ಎದ್ದಿತ್ತು. ಹೆಂಡತಿ ಅದಕ್ಕೆ ಬೆಳ್ಳಗಿನ ಮುಲಾಮು ಸವರಿ, "ಕೈ ತೊಳೀಬೇಡಿ, ಹಾಗೇ ಒಣಗಲಿ" ಎಂದು ಕೆಲಸಕ್ಕೆ ಕಳಿಸಿದ್ದಳು. ಹತ್ತು ದಿನದ ಹಿಂದಿನ ಮಾತು. ಬೊಬ್ಬೆ ವಾಸಿಯಾಯಿತು. ಮೇಷ್ಟ್ರು ಮಾತ್ರ ಆಗಲಿಲ್ಲ.

ಅವರೇನೂ ಪಾಠ ಹೇಳುವ ಮೇಷ್ಟ್ರಲ್ಲ. ಒಂದು ದೊಡ್ಡ ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ ಕೂತು ಪುಡಿ ಅರೆಯುವುದು ಅವರ ಉದ್ಯೋಗ. ತಾಮ್ರದ್ದೊಂದು ಪುಡಿ, ಬೇರಿಯಂನದ್ದೊಂದು, ಇಟ್ರಿಯಂನದ್ದೊಂದು. ಮೂರನ್ನೂ ತೂಗಿ, ಕಲ್ಲಿನ ಖಲ್ಲಿನಲ್ಲಿ ಗಂಟೆಗಟ್ಟಲೆ ಅರೆದು, ಒಲೆಯಲ್ಲಿ ದಿನಗಟ್ಟಲೆ ಸುಟ್ಟು, ಕೋಟಿನ ಗುಂಡಿಯಂಥ ಕಪ್ಪು ಬಿಲ್ಲೆ ಮಾಡುತ್ತಿದ್ದರು. ಆ ಬಿಲ್ಲೆಯ ಮೇಲೆ ಕೊರೆಯುವ ದ್ರವ ಸಾರಜನಕ ಸುರಿದರೆ ಅದು ಅತಿವಾಹಕವಾಗುತ್ತಿತ್ತು. ಎಂದರೆ, ವಿದ್ಯುತ್ತು ಅದರೊಳಗೆ ಯಾವ ತಡೆಯೂ ಇಲ್ಲದೆ ಹರಿಯುತ್ತಿತ್ತು. ಮೇಲಿಟ್ಟ ಅಯಸ್ಕಾಂತ ಗಾಳಿಯಲ್ಲಿ ತೇಲುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರ ಬಿಲ್ಲೆಯಲ್ಲಿ ಬೇಡದ ಒಂದು ಕಣವನ್ನೂ ಯಾರೂ ಕಂಡಿರಲಿಲ್ಲ. ಆ ಬಿಲ್ಲೆಗಳ ಮೇಲೆ ಬೇರೆಯವರು ಪ್ರಬಂಧ ಬರೆದು ದೊಡ್ಡವರಾದರು. ಮೇಷ್ಟ್ರ ಹೆಸರು ಕೊನೆಯ ಪುಟದಲ್ಲಿ, ಕೃತಜ್ಞತೆಗಳ ನಡುವೆ, ಮದುವೆ ಫೋಟೋದಲ್ಲಿ ಕಂಬದ ಹಿಂದೆ ನಿಂತ ನೆಂಟನ ಹಾಗೆ ಇಣುಕುತ್ತಿತ್ತು.

ಬೊಬ್ಬೆ ಎದ್ದ ಹತ್ತನೇ ದಿನ ಪರಿಶೀಲನಾ ಸಮಿತಿ ಬರುವುದಿತ್ತು. ಮೇಷ್ಟ್ರ ಒಲೆ ಮೇಷ್ಟ್ರ ಬಳಿಯೇ ಇರಬೇಕೋ, ಪಕ್ಕದ ಬ್ಯಾಟರಿ ವಿಭಾಗಕ್ಕೆ ಹೋಗಬೇಕೋ ಎಂದು ಅವರೇ ತೀರ್ಮಾನಿಸುವವರು. ಬ್ಯಾಟರಿ ವಿಭಾಗದವನು ಒಳ್ಳೆಯ ಮನುಷ್ಯ. ದಿನಾ ಟೀ ಹೊತ್ತಿಗೆ ಬಂದು ಮೇಷ್ಟ್ರ ಆರೋಗ್ಯ ವಿಚಾರಿಸುತ್ತಿದ್ದ. ವಿಚಾರಿಸುತ್ತಲೇ ಕೋಣೆಯ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದ. ಅವನು ಸುಡುವುದು ಲಿಥಿಯಂ. ಒಮ್ಮೆ ಅದನ್ನು ಸುಟ್ಟ ಒಲೆಯ ಗೋಡೆಗೆ ಅದು ಅಂಟಿಕೊಂಡೇ ಬಿಡುತ್ತದೆ. ಆಮೇಲೆ ಆ ಒಲೆಯಲ್ಲಿ ಶುದ್ಧ ಬಿಲ್ಲೆಯ ಮಾತೇ ಇಲ್ಲ.

ಹನ್ನೊಂದು ಗಂಟೆಗೆ ಸಮಿತಿ ಬಂತು. ಮುಂದೆ ಕೋಲೂರಿಕೊಂಡು ಅಧ್ಯಕ್ಷರು. ಜೀವಮಾನವೆಲ್ಲ ಇದೇ ವಿಷಯ ಓದಿ ಕೂದಲು ಕಳೆದುಕೊಂಡ ಹಿರಿಯರು. ಮೇಷ್ಟ್ರು ಹೊಸ ಬಿಲ್ಲೆಯನ್ನು ತಟ್ಟೆಯಲ್ಲಿಟ್ಟು ಸಾರಜನಕ ಸುರಿದರು. ಬಿಳಿ ಹೊಗೆ ಮೇಜಿನಂಚಿನಿಂದ ಇಳಿದು ಎಲ್ಲರ ಬೂಟು ಮುಚ್ಚಿತು. ಚಿಮಟದಲ್ಲಿ ಅಯಸ್ಕಾಂತ ಹಿಡಿದು ಮೆಲ್ಲಗೆ ಬಿಟ್ಟರು.

ಅದು ಬಿಲ್ಲೆಯ ಮೇಲೆ ಟಕ್ಕೆಂದು ಕೂತಿತು. ಔತಣ ಮುಗಿಸಿ ಮಲಗಿದ ಅಳಿಯನ ಹಾಗೆ, ಏಳುವ ಯಾವ ಲಕ್ಷಣವನ್ನೂ ತೋರಿಸಲಿಲ್ಲ.

"ಇನ್ನೊಂಚೂರು ಸುರೀರಿ" ಎಂದ ಉಗ್ರಾಣದವನು.

"ತಿರುಗಿಸಿ ಇಡಿ ಸಾರ್, ತಲೆಕೆಳಗಾಗಿದೆಯೇನೋ" ಎಂದ ಗುಮಾಸ್ತ.

"ಪಾಪ, ವಯಸ್ಸಾಯ್ತು" ಎಂದ ಬ್ಯಾಟರಿಯವನು. ಯಾರಿಗೆಂದು ಹೇಳಲಿಲ್ಲ.

ಮೇಷ್ಟ್ರು ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಟಕ್. ಅವರ ಅಂಗಿ ಬೆನ್ನಿಗೆ ಅಂಟಿತು. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವವರು, ಕಾಂತತೆ ಅಳೆಯುವ ಯಂತ್ರದ ಕೋಣೆಯಿಂದ ಒಂದು ಹಾಳೆ ಹಿಡಿದು ಓಡಿಬಂದರು. ಆ ಬಿಲ್ಲೆಯನ್ನು ಬೆಳಗ್ಗೆಯೇ ಅಲ್ಲಿ ಅಳೆದಾಗಿತ್ತು.

"ಸಾರ್, ಇಲ್ಲಿ ನೋಡಿ! ತಣ್ಣಗಾದ ಹಾಗೆಲ್ಲ ಬಿಲ್ಲೆಯಲ್ಲಿ ಕಾಂತತೆ ಏರ್ತಾ ಇದೆ. ಆಮ್ಲಜನಕ ಕಮ್ಮಿಯಾಗಿ ಕೆಟ್ಟಿದೆ ಅನ್ನೋಣ ಅಂದ್ರೆ ಅದರ ಲೆಕ್ಕವೂ ಸರಿಯಾಗೇ ಇದೆ. ಇದರಲ್ಲಿ ಬೆರಕೆ ಏನೂ ಇಲ್ಲ. ಮೇಷ್ಟ್ರ ಕೈಯಿಂದ ಬಂದದ್ದು!"

ಹಿರಿಯರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಜೊತೆಗೆ ಬಂದಿದ್ದ ಲೆಕ್ಕಪತ್ರದ ಅಧಿಕಾರಿಗೆ ಅರ್ಥವಾಗಲೆಂದು ನಿಧಾನವಾಗಿ ಹೇಳಿದರು.

"ನೋಡಿ, ಈ ಬಿಲ್ಲೆಯೊಳಗಿನ ತಾಮ್ರದ ಒಂದೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಆದ್ರೆ ಪಕ್ಕದವನು ಮೇಲೆ ನೋಡಿದ್ರೆ ಇವನು ಕೆಳಗೆ ನೋಡ್ತಾನೆ. ಒಬ್ಬರದ್ದು ಒಬ್ಬರಿಗೆ ಸರಿಹೋಗಿ ಹೊರಗೆ ಏನೂ ಕಾಣಲ್ಲ. ಈಗ ಒಂದು ತಾಮ್ರವನ್ನ ಎಬ್ಬಿಸಿ ಆ ಜಾಗದಲ್ಲಿ ಸತುವನ್ನ ಕೂರಿಸಿ. ಸತುವಿಗೆ ಕಾಂತತೆಯೇ ಇಲ್ಲ, ಬಲು ಸಾಧು. ಆದ್ರೆ ಅಕ್ಕಪಕ್ಕದ ತಾಮ್ರಗಳಿಗೆ ಜೊತೆ ತಪ್ಪುತ್ತೆ ನೋಡಿ, ಅವುಗಳ ಕಾಂತತೆ ಹೊರಬೀಳುತ್ತೆ. ಅತಿವಾಹಕತೆ ಕೆಡುತ್ತೆ."

"ಅಂದ್ರೆ ಸುಮ್ಮನೆ ಕೂತವನೇ ಮನೆ ಹಾಳು ಮಾಡ್ತಾನೆ ಅನ್ನಿ" ಎಂದರು ಅಧಿಕಾರಿ.

"ಅದೇ ಆಶ್ಚರ್ಯ. ನಿಕ್ಕಲ್‌ಗೆ ಸ್ವಂತ ಕಾಂತತೆ ಇದೆ. ಅದು ಬಂದು ಕೂತರೂ ಇಷ್ಟು ಹಾಳಾಗಲ್ಲ. ಈ ಗೆರೆ ನೋಡಿದ್ರೆ ನೂರಕ್ಕೆ ಎರಡರಷ್ಟು ಸತು ಬಿದ್ದ ಹಾಗಿದೆ. ಸತು ಇಲ್ಲದೆ ಹೀಗೆ ಬಂದಿದ್ರೆ..." ಹಿರಿಯರು ಹಾಳೆಯನ್ನು ಮತ್ತೆ ಮೂಗಿನ ಹತ್ತಿರ ಹಿಡಿದರು. "ಇದು ಹೊಸದು."

ಮೇಡಂ ಕಣ್ಣಲ್ಲಿ ನೀರು ಬಂತು. ಮೂರು ಗಂಟೆಗೆ ಸಭೆ ಸೇರಿಸಿ ಎಲ್ಲರಿಗೂ ತಿಳಿಸುವುದೆಂದಾಯಿತು. ಬ್ಯಾಟರಿಯವನು ಬಂದು ಮೇಷ್ಟ್ರ ಕೈ ಕುಲುಕಿದ. ಅವನ ಮುಖ ಹಿಂಡಿದ ಒರೆಸುಬಟ್ಟೆಯಂತಿತ್ತು. "ಪ್ರಬಂಧದಲ್ಲಿ ನಿಮ್ಮ ಹೆಸರೇ ಮೊದಲು" ಎಂದರು ಮೇಡಂ.

ಮೇಷ್ಟ್ರಿಗೆ ಅದೊಂದೂ ಕೇಳಿಸಲಿಲ್ಲ. ಸತು ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಅವರ ಬಲ ಅಂಗೈ ತುರಿಸುತ್ತಿತ್ತು.

ಸಂಸ್ಥೆಯ ಹಿಂದೆಯೇ ಮನೆ. ಒಳಗೆ ಹೊಕ್ಕವರು ನೆಟ್ಟಗೆ ಕನ್ನಡಿಯ ಕಪಾಟಿಗೆ ಹೋಗಿ ಮುಲಾಮಿನ ಟ್ಯೂಬನ್ನು ಕಿಟಕಿಗೆ ಹಿಡಿದರು. ಚಿಕ್ಕ ಅಕ್ಷರದಲ್ಲಿ ಎರಡನೇ ಸಾಲಲ್ಲೇ ಇತ್ತು: ಸತುವಿನ ಆಕ್ಸೈಡ್.

"ಊಟಕ್ಕೆ ಬಂದ್ರೋ, ಟ್ಯೂಬ್ ಓದೋಕೆ ಬಂದ್ರೋ?" ಎಂದಳು ಹೆಂಡತಿ.

ಮೇಷ್ಟ್ರು ಮುಕ್ಕಾಲಿಯ ಮೇಲೆ ಕೂತು ನಡೆದದ್ದೆಲ್ಲ ಹೇಳಿದರು. ಅವಳು ಸೌಟು ಕೆಳಗಿಟ್ಟು ಪೂರ್ತಿ ಕೇಳಿದಳು.

"ಅವತ್ತು ಈ ಬಿಲ್ಲೆಗೆ ಅರೆಯೋವಾಗ ಕೈಗವಸು ಹಾಕಿರಲಿಲ್ವಾ?"

"ಹಾಕಿದ್ದೆ. ಬೆವರ್ತಾ ಇತ್ತು ಅಂತ ಒಂದೇ ಒಂದ್ಸಲ ತೆಗೆದೆ. ಆಗ ಮುಲಾಮು ಖಲ್ಲಿಗೆ ಉದುರಿರಬೇಕು."

"ಯಾರು ನೋಡಿದ್ರು?"

"ಯಾರೂ ಇಲ್ಲ."

"ಮತ್ತೆ? ಇಪ್ಪತ್ತೆರಡು ವರ್ಷ ಹಿಂದೆ ನಿಂತಿದ್ದೀರಿ. ಒಂದ್ಸಲ ಮುಂದೆ ನಿಂತರೆ ಯಾರ ಗಂಟು ಹೋಗುತ್ತೆ?"

ಮೇಷ್ಟ್ರು ಅಂಗೈ ನೋಡಿಕೊಂಡರು. ಬೊಬ್ಬೆಯ ಜಾಗದಲ್ಲಿ ಹೊಸ ಚರ್ಮ ಬಂದಿತ್ತು. "ನಾಳೆ ಇದನ್ನ ಓದಿ ಎಲ್ಲೋ ಇನ್ನೊಬ್ಬ ಪಾಪ ಅರೆಯೋಕೆ ಕೂರ್ತಾನೆ ಕಣೇ. ವರ್ಷಗಟ್ಟಲೆ ಅರೀತಾನೆ. ಬರಲ್ಲ. ತನ್ನ ಕೈಯಲ್ಲೇ ದೋಷ ಅಂದ್ಕೋತಾನೆ."

ಅವಳು ಸೌಟನ್ನು ಮತ್ತೆ ಕೈಗೆತ್ತಿಕೊಂಡಳು. "ಊಟ ಮಾಡ್ಕೊಂಡಾದ್ರೂ ಹೋಗಿ" ಎಂದಳು. ಮೇಷ್ಟ್ರು ಟ್ಯೂಬನ್ನು ಜೇಬಿಗೆ ಹಾಕಿಕೊಂಡು ಹೊರಟಿದ್ದರು.

ಮೂರು ಗಂಟೆಯ ಸಭೆಯಲ್ಲಿ, ಮೇಡಂ ಮಾತು ಶುರು ಮಾಡುವ ಮೊದಲೇ ಎದ್ದು ನಿಂತು, ಟ್ಯೂಬನ್ನು ಮೇಜಿನ ಮೇಲಿಟ್ಟರು. ಹೇಳಿ ಮುಗಿಸಲು ಎರಡು ನಿಮಿಷ ಹಿಡಿಯಿತು. ಮೇಡಂ ಕೂತಲ್ಲೇ ಕುಸಿದರು. ಅಧಿಕಾರಿ ಟ್ಯೂಬಿನ ಮುಚ್ಚಳ ತೆಗೆದು ಮೂಸಿ ನೋಡಿದರು.

"ಬಾಯಿ ಮಾತಲ್ಲಿ ಆಗಲ್ಲ ಮೇಷ್ಟ್ರೇ, ಬರೆದು ಕೊಡೋದು ಒಳ್ಳೇದು" ಎಂದ ಬ್ಯಾಟರಿಯವನು. ಹಾಳೆ ಅವನ ಹತ್ತಿರವೇ ಇತ್ತು. ಪೆನ್ನೂ ಇತ್ತು. 'ನನ್ನ ಅಜಾಗರೂಕತೆಯಿಂದ' ಎನ್ನುವುದನ್ನು ಹೇಗೆ ಬರೆಯಬೇಕೆಂದು ಮೇಷ್ಟ್ರು ತಡವರಿಸಿದಾಗ ಪ್ರೀತಿಯಿಂದ ಅಕ್ಷರ ಅಕ್ಷರವಾಗಿ ಹೇಳಿಕೊಟ್ಟ. ಮೇಷ್ಟ್ರು ಸಹಿ ಮಾಡಿದರು. ಅದರ ಕೆಳಗೇ ಒಲೆಯ ಕೋಣೆಯನ್ನು ಬ್ಯಾಟರಿ ವಿಭಾಗಕ್ಕೆ ವಹಿಸುವ ಆದೇಶವನ್ನು ಸಮಿತಿ ಬರೆಯಿತು. ಹಿರಿಯರು ಮಾತ್ರ ಸಹಿ ಹಾಕುವ ಮುನ್ನ ಕಿಟಕಿಯ ಹೊರಗೆ ಬಹಳ ಹೊತ್ತು ನೋಡಿದರು.

ಮೇಷ್ಟ್ರು ಅಲ್ಲಿಗೆ ಬಿಡಲಿಲ್ಲ. ಬಿಲ್ಲೆಯನ್ನು ತೆಗೆದುಕೊಂಡು ನೆಲಮಹಡಿಗೆ, ಆಸಿಡ್ ಅಕ್ಕನ ಬಳಿಗೆ ಇಳಿದರು. ಯಾವ ವಸ್ತುವಿನಲ್ಲಿ ಏನೇನಿದೆಯೆಂದು ಪತ್ತೆ ಮಾಡುವುದು ಆಕೆಯ ಕೆಲಸ. ಇಡೀ ಕಟ್ಟಡಕ್ಕೆ ಆಕೆ ಅಕ್ಕ.

"ಒಂದು ಚೂರು ಸಾಕು ಮೇಷ್ಟ್ರೇ, ಉಳಿದದ್ದು ಇಟ್ಕೊಳ್ಳಿ" ಎಂದಳು ಆಕೆ.

"ಬೇಡ ಅಕ್ಕ. ಉಳಿಸಿಕೊಂಡ್ರೆ ನಾನೇ ಏನೋ ಬಚ್ಚಿಟ್ಟೆ ಅಂತಾರೆ. ಪೂರ್ತಿ ಕರಗಿಸಿ. ಎಷ್ಟು ಸತು ಇದೆಯೋ ಅಷ್ಟೂ ನನ್ನ ತಲೆಗೇ ಬರಲಿ."

ಆಕೆ ಬಿಲ್ಲೆಯನ್ನು ಕುಟ್ಟಿ ಆಸಿಡ್ಡಿಗೆ ಹಾಕಿದಳು. ಮೇಷ್ಟ್ರು ಹೊರಗಿನ ಬೆಂಚಿನ ಮೇಲೆ ಮಂಡಿ ಜೋಡಿಸಿ ಕೂತರು. ಹೋಗುವವರು ಬರುವವರು ನಿಂತು ಬುದ್ಧಿ ಹೇಳಿದರು. ಬಾಯಿ ಬಿಡಬಾರದಿತ್ತು ಎಂದ ಗುಮಾಸ್ತ. ಇನ್ನೂ ಬೇಗ ಬಾಯಿ ಬಿಡಬೇಕಿತ್ತು ಎಂದ ಉಗ್ರಾಣದವನು. ತನ್ನ ಅತ್ತೆ ಬೊಬ್ಬೆಗೆ ಬರೀ ತಣ್ಣೀರು ಹಾಕುತ್ತಾಳೆಂದು ಕಸ ಗುಡಿಸುವವಳು ತಿಳಿಸಿದಳು. ಮೇಷ್ಟ್ರು ಎಲ್ಲರಿಗೂ ತಲೆಯಾಡಿಸಿದರು. ಮನಸ್ಸು ವಿಚಿತ್ರವಾಗಿ ಹಗುರಾಗಿತ್ತು.

ಐದು ಗಂಟೆಗೆ ಆಕೆ ಹೊರಬಂದಳು. ಒಂದು ಕೈಯಲ್ಲಿ ವರದಿ, ಇನ್ನೊಂದು ಕೈಯಲ್ಲಿ ನೀಲಿ ನೀರು ತುಂಬಿದ ಸೀಸೆ.

"ಸತು ಇಲ್ಲ" ಎಂದಳು.

"ಕಡಿಮೆ ಇದೆ ಅಂತೀರಾ?"

"ಇಲ್ಲ ಅಂದ್ರೆ ಇಲ್ಲ. ನಾಲ್ಕು ಸಲ ನೋಡಿದೆ. ನಿಕ್ಕಲ್ ಇಲ್ಲ, ಕಬ್ಬಿಣ ಇಲ್ಲ. ಇಷ್ಟು ಶುದ್ಧವಾದ ಬಿಲ್ಲೆಯನ್ನ ನಾನು ನೋಡೇ ಇಲ್ಲ ಮೇಷ್ಟ್ರೇ."

ಮೇಷ್ಟ್ರು ಎದ್ದು ನಿಂತರು, ಮತ್ತೆ ಕೂತರು. "ಬಿಲ್ಲೆ ಎಲ್ಲಿ?"

ಆಕೆ ಸೀಸೆಯನ್ನು ಅವರ ಕೈಗಿತ್ತಳು. ತಾಮ್ರ ಕರಗಿದ ನೀರು, ನೋಡಲು ಬಲು ಚೆಂದವಾಗಿತ್ತು.

ಆಗಲೇ ಮೇಡಂ ಮೆಟ್ಟಿಲಿಳಿದು ಓಡಿಬಂದರು. "ಮೇಷ್ಟ್ರೇ, ಬೇಗ ಬನ್ನಿ! ಹಿರಿಯರು ಗೇಟಿನ ಹತ್ತಿರ ಕಾರು ನಿಲ್ಲಿಸಿದ್ದಾರೆ. ಲೆಕ್ಕ ಹಾಕಿದ್ರಂತೆ. ಅಷ್ಟು ಕಾಂತತೆ ಬರಬೇಕಾದ್ರೆ ಬೊಬ್ಬೆಯ ಮೇಲಿಂದ ಉದುರಿದ್ದು ಎಲ್ಲಿಗೂ ಸಾಲಲ್ವಂತೆ. ನಿಮ್ಮ ಬಿಲ್ಲೆಯನ್ನ ತಮ್ಮ ಪ್ರಯೋಗಾಲಯಕ್ಕೇ ತಗೊಂಡು ಹೋಗ್ತಾರಂತೆ. ನಾಲ್ಕು ಕಡೆ ಪರೀಕ್ಷೆ ಮಾಡಿಸ್ತಾರಂತೆ. ಎಲ್ಲಿ, ಬಿಲ್ಲೆ ತನ್ನಿ!"

ಮೇಷ್ಟ್ರು ಸೀಸೆಯನ್ನು ಎದೆಗೊತ್ತಿಕೊಂಡು, ಚೆಲ್ಲದಂತೆ ಸಣ್ಣ ಹೆಜ್ಜೆ ಇಡುತ್ತಾ, ಗೇಟಿನವರೆಗೆ ನಡೆದರು. ಹಿರಿಯರು ಕಾರಿನಿಂದಿಳಿದು ಕೋಲಿಗೊರಗಿ ಕಾಯುತ್ತಿದ್ದರು. ಮೊದಲು ವರದಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಅವರ ಮುಖದಿಂದ ಇಪ್ಪತ್ತು ವರ್ಷ ಇಳಿದುಹೋಯಿತು.

"ಏನೂ ಇಲ್ಲ! ಹಾಗಾದ್ರೆ ಇದು ನಿಜವಾಗಿಯೂ..."

"ಹೌದು ಸಾರ್" ಎಂದರು ಮೇಷ್ಟ್ರು. "ಆಗಿತ್ತು."

ಹಿರಿಯರು ಸೀಸೆಯ ಕಡೆ ನೋಡಿದರು. ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸಂಜೆಯ ಬೆಳಕಿಗೆ ಹಿಡಿದರು. ಮೇಡಂ ಕಾರಿನ ಬಾಗಿಲನ್ನು ಆಧಾರಕ್ಕೆ ಹಿಡಿದುಕೊಂಡರು.

"ಇರಲಿ" ಎಂದರು ಹಿರಿಯರು ಕೊನೆಗೆ. "ಮಾಡಿದ ಕೈ ಇದೆ, ಸುಟ್ಟ ಒಲೆ ಇದೆ. ಆ ಆದೇಶವನ್ನ ನಾನು ಈಗಲೇ ಹರಿದು ಹಾಕ್ತೀನಿ. ಅದೇ ಒಲೆಯಲ್ಲಿ, ಅದೇ ಥರ, ಇನ್ನೊಂದು ಮಾಡಿ. ಎಷ್ಟು ದಿನ ಬೇಕಾದ್ರೂ ತಗೊಳ್ಳಿ."

ಮೇಷ್ಟ್ರ ಕಣ್ಣು ತುಂಬಿತು. ಏನೋ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಮೂರನೇ ಮಹಡಿಯ ಕಿಟಕಿ ತೆರೆಯಿತು. ಬ್ಯಾಟರಿಯವನು ಅರ್ಧ ಮೈ ಹೊರಗೆ ಚಾಚಿ, ಎರಡೂ ಕೈ ಬೀಸುತ್ತಾ, ಮೂರೂ ಜನರಿಗೆ ಕೇಳುವ ಹಾಗೆ ಕೂಗಿ ಹೇಳಿದ:

"ಮೇಷ್ಟ್ರೇ, ಒಲೆಯ ಚಿಂತೆ ಬಿಡಿ! ನಿಮ್ಮ ಮನಸ್ಸಿಗೆ ಬೇಜಾರಾಗಬಾರದು ಅಂತ ಆರೋಕೇ ಬಿಟ್ಟಿಲ್ಲ. ಮೂರೂವರೆಗೇ ನನ್ನ ಲಿಥಿಯಂ ಹಾಕಿಬಿಟ್ಟೆ!"

ಹಿರಿಯರು ಸೀಸೆಯನ್ನು ಮೆಲ್ಲಗೆ ಮೇಷ್ಟ್ರ ಕೈಗೆ ಹಿಂತಿರುಗಿಸಿ, ಅವರ ಭುಜವನ್ನೊಮ್ಮೆ ಮುಟ್ಟಿ, ಕಾರು ಹತ್ತಿದರು.